ಎಲ್ಲರೂ ಉಂಡ ಮೇಲೆ

ಹಂಡೆಯಿಂದ ಬಿಸಿನೀರು ತುಂಬಿದ ಕೊಡವನ್ನು ವೀಣಾ ಸೊಂಟಕ್ಕೇರಿಸಿಕೊಂಡು ಅಂಗಳಕ್ಕೆ ಬರುವಷ್ಟರಲ್ಲಿ ಗಂಡ ಧರ್ಮೇಶ್ ಅಡ್ಡ ನಿಂತ. ಕೊಡ ಕಿತ್ತುಕೊಂಡ ರಭಸಕ್ಕೆ ಅರ್ಧ ನೀರು ಇಬ್ಬರ ಕಾಲ ಮೇಲೂ ಚೆಲ್ಲಿತು.

"ಅಮ್ಮನ್ನ ಮುಟ್ಬೇಡ ನೀನು. ಸ್ನಾನ ಮಾಡ್ಸಕ್ಕೂ ಬರ್ಬೇಡ, ಬಾಯಿಗೆ ಅಕ್ಕಿ ಹಾಕಕ್ಕೂ ಬರ್ಬೇಡ. ನೀನೇ ಅಲ್ವಾ ಕಂಡೋರ ಒಲೆ ಮುಂದಕ್ಕೆ ಕಳ್ಸಿ ಕೊಂದಿದ್ದು?"

ಅಳುತ್ತಿದ್ದ ಹೆಂಗಸರೂ ಅಳು ನಿಲ್ಲಿಸಿ ನೋಡಿದರು. ಬೆಂಚಿನ ಮೇಲೆ ಮಲಗಿದ್ದ ಅವನ ಅಮ್ಮ ವಿಶಾಲಾಕ್ಷಮ್ಮನವರೊಬ್ಬರೇ ಏನೂ ಕೇಳದವರಂತೆ ಇದ್ದರು. ಬದುಕಿದ್ದಾಗಲೂ ಮನೆಯ ಜಗಳಕ್ಕೆ ಅವರು ಹಾಗೆಯೇ ಕಿವುಡಾಗುತ್ತಿದ್ದರು.

"ಧರ್ಮ, ಹೆಣ ಅಂಗಳದಲ್ಲಿಟ್ಕೊಂಡು ಇದೆಂಥ ಮಾತೋ," ಎಂದರು ವಿಶಾಲಾಕ್ಷಮ್ಮನವರ ತಮ್ಮ ಸಣ್ಣಸ್ವಾಮಿ. "ಮನೆಗಿರೋದು ಒಬ್ಳೇ ಸೊಸೆ. ಅವಳು ಅಕ್ಕಿ ಹಾಕ್ದಿದ್ರೆ ಊರೋರು ಏನಂತಾರೆ?"

"ಇಷ್ಟು ದಿನ ಏನಂದ್ರು ಅಂತ ಗೊತ್ತಾ ಮಾವ? ಮಗ ಸೂಪರ್‌ವೈಸರ್ರು, ಅಮ್ಮ ಮದುವೆ ಮನೇಲಿ ಸಾರು ತಿರುವ್ತಾಳೆ ಅಂದ್ರು. ಮನೇಲಿ ಕುಂತಿದ್ರೆ ಇನ್ನೂ ಹತ್ತು ವರ್ಷ ಇರೋಳು."

ವೀಣಾ ಒದ್ದೆಯಾದ ಸೆರಗು ಹಿಂಡಿಕೊಂಡಳು. ಅವಳ ಬಾಯಲ್ಲಿ ಉತ್ತರ ಇತ್ತು. ಆದರೆ ಆ ಉತ್ತರವನ್ನು ಯಾವತ್ತೂ ಆಡುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದಳು. ಮಾತು ಕೊಟ್ಟಿದ್ದು ಬೆಂಚಿನ ಮೇಲೆ ಮಲಗಿದ್ದವರಿಗೆ. ಬಚ್ಚಲ ಗೋಡೆಯ ಹತ್ತಿರ ಹೋಗಿ ನಿಂತಳು.

* * *

ಗಂಡ ತೀರಿಕೊಂಡ ಮೇಲೆ ವಿಶಾಲಾಕ್ಷಮ್ಮ ಊರಿನ ಶಾಲೆಯ ಬಿಸಿಯೂಟದ ಕೆಲಸಕ್ಕೆ ಸೇರಿದವರು. ಶನಿವಾರಸಂತೆಯ ಸುತ್ತ ಈಗ ಮೀಸೆ ಬಂದಿರುವ ಎಷ್ಟೋ ಹುಡುಗರು ಅವರ ಕೈಯ ಅನ್ನ ತಿಂದವರೇ. ಅರವತ್ತು ತುಂಬಿದ ದಿನ ಶಾಲೆಯವರು ಶಾಲು ಹೊದಿಸಿ, ಹಾರ ಹಾಕಿ, ಕೈಗೊಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಇನ್ನು ಮುಂದೆ ಯಾವ ಹೊತ್ತಿಗೂ ಎಲ್ಲಿಗೂ ಹೋಗಬೇಕಿಲ್ಲದವರಿಗೆ ಗಡಿಯಾರ ಕೊಡುವುದು ಯಾರ ಬುದ್ಧಿಯೋ ಗೊತ್ತಿಲ್ಲ.

ಮನೆಗೆ ಬಂದ ಮೇಲೆ ಮೂರು ಜನಕ್ಕೆ ಅಡುಗೆ ಮಾಡುವುದು ಅವರಿಗೆ ಬರಲೇ ಇಲ್ಲ. ಮೊದಲ ದಿನ ಮಾಡಿದ ಸಾರು ಕೇರಿಗೆಲ್ಲ ಹಂಚಿದರೂ ಉಳಿಯಿತು. ಎರಡನೇ ದಿನ ಹುಷಾರಾಗಿ ಕಡಿಮೆ ಮಾಡಲು ಹೋಗಿ ಉಪ್ಪು ಮಾತ್ರ ಹಳೇ ಲೆಕ್ಕದಲ್ಲೇ ಬಿತ್ತು. ಧರ್ಮೇಶ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಸಾಕಮ್ಮ, ನೀನಿನ್ನು ಒಲೆ ಹತ್ರ ಹೋಗ್ಬೇಡ. ದುಡ್ದಿದ್ದು ಸಾಕು. ಕಾಲು ಚಾಚ್ಕೊಂಡು ಆರಾಮಾಗಿರು," ಎಂದು ಕುಶಾಲನಗರದಿಂದ ಒರಗು ಕುರ್ಚಿ ತಂದು ಟೀವಿಯ ಮುಂದೆ ಹಾಕಿದ. ಅದು ಬರೀ ಪ್ರೀತಿ, ಅದರಲ್ಲಿ ಅನುಮಾನವೇ ಇಲ್ಲ. ಅಮ್ಮನನ್ನು ಸುಖವಾಗಿಟ್ಟಿದ್ದೇನೆ ಎಂದು ತಾನು ಸೂಪರ್‌ವೈಸರ್ ಆಗಿದ್ದ ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಎಲ್ಲರ ಹತ್ತಿರ ಹೇಳಿಕೊಂಡ.

ಬೆಳಿಗ್ಗೆ ಹೋದರೆ ರಾತ್ರಿಗೆ ಬರುವವನಿಗೆ ಆ ಕುರ್ಚಿಯಲ್ಲಿ ಅಮ್ಮ ಹೇಗೆ ಕೂರುತ್ತಾಳೆಂದು ಗೊತ್ತಿರಲಿಲ್ಲ. ಅವರು ಒರಗುತ್ತಲೇ ಇರಲಿಲ್ಲ. ಬಸ್ಸಿಗೆ ಕಾಯುವವರಂತೆ ಅಂಚಿನಲ್ಲಿ ಕೂತು ಬಾಗಿಲು ನೋಡುತ್ತಿದ್ದರು. ಶಾಲೆಯ ಗಂಟೆ ಹೊಡೆದರೆ ಎದ್ದು, ಮತ್ತೆ ನೆನಪಾಗಿ ಕೂರುತ್ತಿದ್ದರು. ಬರಬರುತ್ತಾ ಕರಗಿದರು. ಬಳೆ ಮೊಣಕೈವರೆಗೂ ಸರಿಯುವಂತಾಯಿತು. ಧರ್ಮೇಶ್ ಮಡಿಕೇರಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದ. ಏನೂ ತೊಂದರೆ ಇಲ್ಲ ಎಂದರು ಡಾಕ್ಟರು, ಟಾನಿಕ್ ಬರೆದುಕೊಟ್ಟರು.

ಒಂದು ಮಧ್ಯಾಹ್ನ ವೀಣಾ ಹಿತ್ತಿಲಿಗೆ ಹೋದಾಗ ಅತ್ತೆ ತಮ್ಮ ತಟ್ಟೆಯ ಮುದ್ದೆಯನ್ನು ಮುರಿದು ಮುರಿದು ಹಸುವಿಗೆ ತಿನ್ನಿಸುತ್ತಿದ್ದರು.

"ಅತ್ತೆ! ನೀವೇನ್ ತಿಂದ್ರಿ ಹಂಗಾರೆ?"

"ಹಸಿವಿಲ್ಲ ಕಣೆ."

"ದಿನಾ ಹಿಂಗೇ ಮಾಡ್ತೀರಾ?"

ಅತ್ತೆ ತಟ್ಟೆಯನ್ನು ಸೆರಗಿನ ಮರೆಗೆ ಸರಿಸಿಕೊಂಡರು. ಆಮೇಲೆ ಕಳ್ಳತನ ಒಪ್ಪಿಕೊಳ್ಳುವ ಮಗುವಿನ ದನಿಯಲ್ಲಿ ಹೇಳಿದರು: "ಅಷ್ಟು ವರ್ಷ ಮಕ್ಳೆಲ್ಲ ಉಂಡ ಮೇಲೆ ಉಂಡೋಳು ನಾನು. ಅವು ಉಂಡು ಎದ್ರೆ ನಂಗೆ ಹಸಿವಾಗೋದು. ಈಗ ಕುಂತಲ್ಲಿಗೆ ತಟ್ಟೆ ಬತ್ತದೆ. ಯಾರಿಗೂ ಏನೂ ಮಾಡ್ದೆ ಹೆಂಗೆ ಉಣ್ಣಲಿ ವೀಣಾ? ಗಂಟಲಲ್ಲಿ ಇಳಿಯಲ್ಲ ಕಣವ್ವ."

ವೀಣಾಗೆ ಅಳು ಬಂತು. ಅತ್ತೆ ಅವಳ ಕೈ ಹಿಡಿದುಕೊಂಡರು. "ಧರ್ಮಂಗೆ ಮಾತ್ರ ಹೇಳ್ಬೇಡ. ಅಮ್ಮನ್ನ ಸುಖವಾಗಿಟ್ಟಿದೀನಿ ಅಂತ ಎದೆ ಉಬ್ಬಿಸ್ಕೊಂಡು ಓಡಾಡ್ತಾನೆ. ಅವನು ಹಾಕಿದ ಅನ್ನ ನಂಗೆ ಇಳಿಯಲ್ಲ ಅಂತ ಗೊತ್ತಾದ್ರೆ ಕೊರಗಿ ಸಾಯ್ತಾನೆ. ಆಣೆ ಮಾಡು."

ಮರುವಾರ ಸಂತೆಗೆ ಹೋದ ವೀಣಾ ಅಲ್ಲಿಂದ ನೇರ ವನಜಮ್ಮನ ಮನೆಗೆ ಹೋದಳು. ಮದುವೆ, ತಿಥಿ, ಗೃಹಪ್ರವೇಶಗಳಿಗೆ ಅಡುಗೆ ಮಾಡುವ ಹೆಂಗಸರ ಗುಂಪು ವನಜಮ್ಮನದು. ಆವತ್ತಿನಿಂದ ವಿಶಾಲಾಕ್ಷಮ್ಮ ಮತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಧರ್ಮೇಶ್ ಕೂಗಾಡಿದ, ವಾರಗಟ್ಟಲೆ ಮಾತು ಬಿಟ್ಟ. ವೀಣಾ ಪ್ರತಿ ಸಲವೂ ಒಂದೇ ಮಾತು ಹೇಳಿದಳು: "ನಾನೇ ಕಳ್ಸಿದ್ದು. ಅವ್ರಿಗೆ ಹೊತ್ತು ಹೋಗಲ್ಲ."

* * *

ಹೊತ್ತೇರುತ್ತಿದ್ದಂತೆ ಜೀಪೊಂದು ಬಂದು ನಿಂತಿತು. ವನಜಮ್ಮ ಮತ್ತು ಅಡುಗೆಯ ಹೆಂಗಸರು ಇಳಿದರು. ಹಿಂದಿನ ದಿನ ಮದುವೆ ಛತ್ರದ ಅಡುಗೆಮನೆಯಲ್ಲೇ ವಿಶಾಲಾಕ್ಷಮ್ಮ ತೀರಿಕೊಂಡಿದ್ದರಿಂದ ಆ ಹೆಂಗಸರ ಕಣ್ಣು ನಿದ್ದೆಯಿಲ್ಲದೆ ಊದಿಕೊಂಡಿತ್ತು.

"ಬನ್ನಿ," ಎಂದ ಧರ್ಮೇಶ್. "ಬೆಂಕಿ ಮುಂದೆ ನಿಲ್ಸಿ ಸಾಯ್ಸಿದ್ದಾಯ್ತು. ಈಗ ನೋಡ್ಕೊಂಡು ಹೋಗಿ."

ವನಜಮ್ಮ ಕೆರಳಲಿಲ್ಲ. "ಬೆಂಕಿ ಮುಂದೆ ಸಾಯ್ಲಿಲ್ಲ ಕಣಪ್ಪ ನಿಮ್ಮಮ್ಮ. ಕೊನೇ ಪಂಕ್ತಿ ಎದ್ದ ಮೇಲೆ ನಮ್ ಜೊತೆ ಊಟಕ್ಕೆ ಕುಂತ್ರು. ಪಾತ್ರೆ ತೊಳೆಯೋ ಮುದ್ದಿ ಹತ್ರ ಜಗಳ ಆಡ್ಕೊಂಡು ಉಂಡ್ರು. ಅನ್ನ ಎರಡು ಸಲ ಹಾಕಿಸ್ಕೊಂಡ್ರು. ಪಾಯಸಾನೂ ಎರಡು ಸಲ. ಆಮೇಲೆ ಗೋಡೆಗೆ ಒರಗಿದ್ರು. ನಿದ್ದೆ ಅಂದ್ಕೊಂಡ್ವಿ."

"ಎರಡು ಸಲನಾ? ಅಮ್ಮನಾ?" ಧರ್ಮೇಶ್ ನಂಬಲಿಲ್ಲ. "ಅರ್ಧ ಮುದ್ದೆ ತಿನ್ನಕ್ಕೆ ಒದ್ದಾಡೋಳು ಅವಳು. ನಾನು ಟಾನಿಕ್ ತಂದ್ಕೊಟ್ಟ ಮೇಲೇ ಅಲ್ವಾ ಮೈ ಹಿಡ್ದಿದ್ದು?"

"ಟಾನಿಕ್ಕಾ!" ಎಂದಳು ಮುದ್ದಿ, ಅಳುತ್ತಲೇ. "ಅಯ್ಯೋ, ಅದ್ನೆಲ್ಲ ನಂಗೇ ತಂದ್ಕೊಡ್ತಿದ್ರು ಅಣ್ಣ. ಸೀಲೂ ಒಡ್ದಿರ್ತಿರ್ಲಿಲ್ಲ. ಕುಡ್ದು ಕುಡ್ದು ನಾನು ಹಿಂಗಾಗಿವ್ನಿ!"

ಮುದ್ದಿಯ ಗಾತ್ರ ನೋಡಿ ಯಾರೋ ಹೆಂಗಸು ಮುಸುಕಿನೊಳಗೆ ಕಿಸಕ್ಕೆಂದಳು. ಸಾವಿನ ಮನೆಯಲ್ಲೂ ನಗು ತಡೆಯುವುದು ಕಷ್ಟ. ನಾಲ್ಕಾರು ಜನ ನಕ್ಕೇಬಿಟ್ಟರು. ವಿಶಾಲಾಕ್ಷಮ್ಮ ಇದ್ದಿದ್ದರೆ ಅವರೇ ಮೊದಲು ನಗುತ್ತಿದ್ದರು.

ಧರ್ಮೇಶ್ ನಗಲಿಲ್ಲ. ಟಾನಿಕ್ ಅಲ್ಲ ಎಂದಾದರೆ ಮತ್ತೇನು? ಅಮ್ಮ ಕರಗಿದ್ದು ಕುರ್ಚಿಯಲ್ಲಿ ಕೂತ ವರ್ಷ. ಮತ್ತೆ ತುಂಬಿಕೊಂಡದ್ದು ಕೆಲಸಕ್ಕೆ ಹೋದ ಮೇಲೆ. ಇಷ್ಟು ಸಣ್ಣ ಲೆಕ್ಕ ಅವನಿಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಅವನು ತಿರುಗಿ ಬಚ್ಚಲ ಗೋಡೆಯ ಕಡೆ ನೋಡಿದ.

"ವೀಣಾ, ಮನೇಲಿದ್ದಾಗ ಅಮ್ಮ ಸರಿಯಾಗಿ ಉಣ್ತಿದ್ಳಾ?"

ವೀಣಾ ತಲೆ ತಗ್ಗಿಸಿದಳು.

"ನಿಂಗೆ ಗೊತ್ತಿತ್ತಾ?"

"ಅವಳ್ಗೆ ಗೊತ್ತಿಲ್ದೆ ಏನಪ್ಪ," ಎಂದರು ವನಜಮ್ಮ. "ಆವತ್ತು ನಮ್ಮನೆ ಬಾಗ್ಲಿಗೆ ಬಂದು ಅತ್ಕೊಂಡು…"

"ವನಜಕ್ಕ, ಬೇಡ," ಎಂದಳು ವೀಣಾ. "ಬಿಡಿ. ಅತ್ತೆಗೆ ಮಾತು ಕೊಟ್ಟಿದೀನಿ."

ವನಜಮ್ಮ ಬಾಯಿ ಮುಚ್ಚಿದರು. ಧರ್ಮೇಶ್ ಜಗಲಿಯ ಮೇಲೆ ಕುಸಿದು ಕೂತ. ತಾನು ಅಷ್ಟು ಪ್ರೀತಿಯಿಂದ ಕೂರಿಸಿದ ಕುರ್ಚಿಯಲ್ಲಿ ಅಮ್ಮ ಹಸಿದು ಕೂತಿದ್ದಳು. ಅದನ್ನು ತನಗೆ ತಿಳಿಯದಂತೆ ಕಾಯಲು ಹೆಂಡತಿ ವರ್ಷಗಟ್ಟಲೆ ತನ್ನ ಕೈಯಲ್ಲಿ ಬೈಸಿಕೊಂಡಿದ್ದಳು. ಇವತ್ತು, ಇಷ್ಟು ಜನರೆದುರು, ಕೊಲೆಗಾತಿ ಅನ್ನಿಸಿಕೊಂಡೂ ಬಾಯಿ ಬಿಟ್ಟಿರಲಿಲ್ಲ. ಬೆಳಿಗ್ಗೆಯಿಂದ ಸಿಟ್ಟಲ್ಲೇ ಓಡಾಡುತ್ತಿದ್ದವನು ಈಗ ಮೊದಲ ಸಲ ಮುಖ ಮುಚ್ಚಿಕೊಂಡು ಅತ್ತ.

ಚಟ್ಟ ಸಿದ್ಧವಾಯಿತು. ಸಣ್ಣಸ್ವಾಮಿ ತಟ್ಟೆಯಲ್ಲಿ ಅಕ್ಕಿ ಹಿಡಿದು ಕರೆದರು. "ಹೊತ್ತಾಯ್ತು. ಮೊದ್ಲು ಮಗ ಬಾರಪ್ಪ."

ಧರ್ಮೇಶ್ ಎದ್ದು ತಟ್ಟೆ ತೆಗೆದುಕೊಂಡ. ಆದರೆ ಅಮ್ಮನ ಕಡೆಗೆ ಹೋಗಲಿಲ್ಲ. ಹೆಂಗಸರು ಸರಿದು ದಾರಿ ಬಿಟ್ಟರು. ಬಚ್ಚಲ ಗೋಡೆಯ ಹತ್ತಿರ ಹೋಗಿ ತಟ್ಟೆ ಚಾಚಿದ.

"ಬಾ," ಎಂದ. "ಬೆಳಿಗ್ಗೆ ಅಂದಿದ್ದು ತಪ್ಪಾಯ್ತು."

"ಸೊಸೆ ಮೊದ್ಲು ಹಾಕೋ ಪದ್ಧತಿ ಇಲ್ಲ ಧರ್ಮ," ಎಂದರು ಸಣ್ಣಸ್ವಾಮಿ ಮೆಲ್ಲಗೆ. "ಮಗ ಹಾಕಿದ ಮೇಲೆ ಸೊಸೆ."

"ಗೊತ್ತು ಮಾವ. ಅಮ್ಮಂಗೆ ಅನ್ನ ಇಳಿಯೋ ಹಂಗೆ ಮಾಡಿದ್ದು ಇವಳು. ಇವಳು ಹಾಕ್ಲಿ, ಆಮೇಲೆ ನಾನು."

ಸಣ್ಣಸ್ವಾಮಿ ಪಕ್ಕಕ್ಕೆ ಸರಿದರು. ವೀಣಾ ತಟ್ಟೆಯಿಂದ ಅಕ್ಕಿ ತೆಗೆದುಕೊಂಡು ಚಟ್ಟದ ಪಕ್ಕ ಮಂಡಿಯೂರಿದಳು. ಒಂದು ಕೈಯಿಂದ ಅತ್ತೆಯ ತುಟಿಗೆ ಅಕ್ಕಿ ಹಾಕುತ್ತಾ, ಒಂದು ಕಾಳೂ ಕೆಳಗೆ ಬೀಳದಂತೆ ಇನ್ನೊಂದು ಅಂಗೈಯನ್ನು ಗಲ್ಲದ ಕೆಳಗೆ ಹಿಡಿದಳು. ಅವಳು ಮುಗಿಸಿ ಏಳುವವರೆಗೂ ಧರ್ಮೇಶ್ ಅವಳ ಹಿಂದೆ ತಟ್ಟೆಯನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡು ಸರದಿಗೆ ನಿಂತಿದ್ದ.