ಹಿಂಬಾಗಿಲ ರೇಡಿಯೋ

ನಾವು ಬಟ್ಟೆ ಹೊಲಿಯುವ ಹಾಲ್‌ಗೆ ಎರಡು ಬಾಗಿಲು. ಹಿಂದಿನದಕ್ಕೆ ಸದಾ ಬೀಗ. ತೆರೆದಿಟ್ಟರೆ ನಾವು ಬಟ್ಟೆ ಕದ್ದೊಯ್ಯುತ್ತೇವಂತೆ. ಇಸ್ತ್ರಿ ಮೇಜಿನಿಂದ ಹೊಗೆ ಎದ್ದ ದಿನ ಆ ಬಾಗಿಲಿಗೆ ಒಬ್ಬರ ಮೇಲೊಬ್ಬರು ಬಿದ್ದು ಕೆಮ್ಮಿದ್ದೆವು. ನನ್ನ ತಂಗಿಯ ಮೊಣಕೈ ಮೇಲೆ ಅದರ ಚಿಲಕದ ಗುರುತು ಇನ್ನೂ ಇದೆ.

ತಪಾಸಣೆಗೆ ಅಧಿಕಾರಿ ಬರುವ ದಿನ ಬೆಳಿಗ್ಗೆ ಮಾಲೀಕರು ನಮಗೆಲ್ಲ ಪಾಠ ಹೇಳಿಕೊಟ್ಟರು. ಹಿಂಬಾಗಿಲು ಯಾವಾಗಲೂ ತೆರೆದೇ ಇರುತ್ತದೆ ಎನ್ನಬೇಕು. ಎಲ್ಲರೂ ತಲೆಯಾಡಿಸಿದೆವು. ತಂಗಿ ಮಾತ್ರ ಆಡಿಸಲಿಲ್ಲ. ಸುಳ್ಳಾಡುವುದಿಲ್ಲ ಎಂದು ಅವಳು ದೇವರಿಗೆ ಮಾತು ಕೊಟ್ಟವಳು. ಹಾಗಾದರೆ ಗಂಟಲು ಕಟ್ಟಿದೆ ಎಂದು ಸನ್ನೆ ಮಾಡು ಎಂದರು.

"ಸನ್ನೆ ಮಾಡಿದ್ರೂ ಸುಳ್ಳೇ ಅಲ್ವಾ, ಸಾರ್?"

ಯಾರೋ ಮೇಜಿನ ಕೆಳಗೆ ಬಗ್ಗಿ ಕಿಸಕ್ಕೆಂದರು.

ಮಾಲೀಕರು ಅವಳನ್ನು ಹಿಂಬಾಗಿಲ ಆಚೆಯ ಮೆಟ್ಟಿಲ ಮೇಲೆ ಕೂರಿಸಿ, ಬೀಗ ಹಾಕಿ, ಬೀಗ ಕಾಣದಂತೆ ಪರದೆ ಇಳಿಬಿಟ್ಟರು. ಅಧಿಕಾರಿ ಬಂದಾಗ ಮಧ್ಯಾಹ್ನ, ತಂಗಿಯ ಪ್ರಾರ್ಥನೆಯ ಹೊತ್ತು. ಅವಳು ಮನಸ್ಸಿನಲ್ಲೇ ಪ್ರಾರ್ಥಿಸುವವಳಲ್ಲ, ಹಾಡುತ್ತಾಳೆ. ಅದೂ ಶ್ರುತಿ ಬಿಟ್ಟು.

ಅಧಿಕಾರಿ ಕಿವಿ ನಿಮಿರಿಸಿದರು. ರೇಡಿಯೋ ಎಂದರು ಮಾಲೀಕರು. ಸ್ವಲ್ಪ ಸಣ್ಣಗೆ ಮಾಡಿಸಿ ಎಂದರು ಅಧಿಕಾರಿ. ಮಾಲೀಕರು ಪರದೆಗೆ ಗುದ್ದಿದರು.

"ಇನ್ನೊಂದೇ ಚರಣ, ಸಾರ್," ಎಂದಿತು ರೇಡಿಯೋ.

ಹಾಲ್ ಪೂರ್ತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನಂತೂ ಕುರ್ಚಿಯಿಂದ ಜಾರಿದೆ. ಅಧಿಕಾರಿ ಪರದೆ ಸರಿಸಿದರು. ಬೀಗ ತೆಗೆಸಿದರು. ಇನ್ನು ಹಾಕಕೂಡದು ಎಂದು ಹೇಳಿ ಹೋದರು.

ಸಂಜೆ ಮಾಲೀಕರು ತಂಗಿಯನ್ನು ಕರೆದರು. ಹಾಡಿದ್ದು ತಾನಲ್ಲ, ರೇಡಿಯೋನೇ ಎಂದು ಅಧಿಕಾರಿಗೆ ಫೋನಿನಲ್ಲಿ ಹೇಳಿದರೆ ಕೆಲಸ ಉಳಿಯುತ್ತದೆ ಎಂದರು.

"ದೇವರಿಗೆ ಹಾಡಿದ್ದು, ಸಾರ್. ನಾನು ಹಾಡ್ಲೇ ಇಲ್ಲ ಅಂದ್ರೆ ಅವನಿಗೆ ಏನನ್ಸುತ್ತೆ?"

ಕೆಲಸ ಹೋಯಿತು. ಮನೆಗೆ ಬಂದವಳು ನನ್ನ ಮಗಳ ಜಡೆ ಬಿಚ್ಚುತ್ತ ಅದೇ ಹಾಡು ಗುನುಗಿದಳು. ಒಬ್ಬಳ ದುಡಿಮೆಯಲ್ಲಿ ಮನೆ ಹೇಗೆ ನಡೆದೀತು ಎಂದು ನಾನು ಪಾತ್ರೆ ತಿಕ್ಕುತ್ತ ಯೋಚಿಸಿದೆ. ಆದರೂ 'ಇನ್ನೊಂದೇ ಚರಣ' ನೆನಪಾಗಿ ನೊರೆಯೊಳಗೇ ನಕ್ಕೆ.

ಮರುದಿನ ಮಧ್ಯಾಹ್ನ ತೆರೆದ ಹಿಂಬಾಗಿಲಿಂದ ಗಾಳಿ ಬರುತ್ತಿತ್ತು. ಪಕ್ಕದಲ್ಲಿ ತಂಗಿಯ ಮಿಷನ್ ಸುಮ್ಮನೆ ಕೂತಿತ್ತು. ನಾನು ಅವಳಷ್ಟು ಭಕ್ತಿಯವಳಲ್ಲ, ಆದರೆ ಹಾಡು ಬಾಯಿಪಾಠ. ಶುರು ಮಾಡಿದೆ. ಪಕ್ಕದವಳು ಸೇರಿದಳು. ಅವಳ ಆಚೆಯವಳೂ. ಕೊನೆಗೆ ಇಡೀ ಹಾಲ್, ಶ್ರುತಿ ಬಿಟ್ಟೇ.

ಮಾಲೀಕರು ಓಡಿ ಬಂದರು. "ಯಾರದು ಹಾಡ್ತಿರೋದು?"

"ರೇಡಿಯೋ, ಸಾರ್," ಎಂದೆವು ಒಟ್ಟಿಗೆ. ನಾವೇನು ದೇವರಿಗೆ ಮಾತು ಕೊಟ್ಟಿರಲಿಲ್ಲವಲ್ಲ.

"ಆಫ್ ಮಾಡಿ ಅದನ್ನ."

"ನಮಗೆ ಬರಲ್ಲ, ಸಾರ್. ನನ್ನ ತಂಗೀನ ಕರೆಸಿ," ಎಂದೆ.

ಆಮೇಲೆ ಎರಡನೆಯ ಚರಣ ಎತ್ತಿಕೊಂಡೆವು.