ಡ್ರ್ಯಾಗನ್ನಿಗೆ ಸಿಗದ ಹೆಸರು

ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ ಹಳೆಯ ಬಟ್ಟೆಗಳನ್ನು ರಿಪೇರಿ ಮಾಡುತ್ತಿದ್ದ ಹೊಲಿಗೆಯಾಕೆಗೆ ಆ ವರ್ಷ ಬೇರೆಯದೇ ಕೆಲಸ ಬಂತು. ಚೀನಾದ ಪಿಂಗಾಣಿಯ ಕೋಣೆಗೆ ಮಕ್ಕಳನ್ನು ಸೆಳೆಯಲು, ಒಳಗೆ ಹೊಕ್ಕು ಕುಣಿಯುವಂಥ ಒಂದು ಡ್ರ್ಯಾಗನ್ ಬೇಕು ಅಂದರು ಮೇಲ್ವಿಚಾರಕಿ. ಅಲ್ಲಿನ ಹೂಜಿಯೊಂದರ ಮೇಲಿನ ಚಿತ್ರ ನೋಡಿಕೊಂಡು ಮೂರು ತಿಂಗಳು ಹೊಲಿದಳು. ಜಿಂಕೆಯ ಕೊಂಬು, ಮೀನಿನ ಹುರುಪೆ, ಉದ್ದ ಮೀಸೆ. ಹೊಟ್ಟೆಗೆ ಹತ್ತಿ ಕೊಂಚ ಜಾಸ್ತಿಯೇ ಆಯಿತು. "ಸುಮ್ಮನೆ ನಿಲ್ಲೋ ಡುಮ್ಮಣ್ಣ" ಎಂದು ಸೂಜಿ ಚುಚ್ಚುತ್ತ ಗದರುವುದು ರೂಢಿಯಾಯಿತು. ಎಷ್ಟೋ ದಿನ ಆಕೆ ಬಾಯಿಬಿಟ್ಟು ಆಡಿದ ಮಾತು ಅದೊಂದೇ.

ಡುಮ್ಮಣ್ಣ ಅಂದರೆ ಆಕೆ ತಮ್ಮನನ್ನು ಕರೆಯುತ್ತಿದ್ದ ಹೆಸರು. ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ಅಮ್ಮನ ಕೊನೆಯ ಕಾಯಿಲೆಯಲ್ಲಿ ಇಬ್ಬರ ನಡುವೆ ಮಾತಿಗೆ ಮಾತು ಬೆಳೆದು, ಎಂಟು ವರ್ಷದಿಂದ ಮುಖ ನೋಡಿರಲಿಲ್ಲ.

ಡ್ರ್ಯಾಗನ್ನಿಗೆ ಹೆಸರು ಸೂಚಿಸಿ ಎಂದು ಮಕ್ಕಳಿಗಾಗಿ ಡಬ್ಬಿ ಇಟ್ಟರು. ತುಂಬಿದ ಮೇಲೆ ಚೀಟಿಗಳನ್ನು ವಿಂಗಡಿಸಲು ಆಕೆಯ ಅಗಲವಾದ ಮೇಜಿಗೇ ತಂದು ಸುರಿದರು. ಉದ್ದಪ್ಪ, ಬಾಲರಾಜ, ಒಬ್ಬನಂತೂ ತನ್ನದೇ ಹೆಸರನ್ನು ಇನಿಷಿಯಲ್ ಸಮೇತ ಬರೆದಿದ್ದ. ಒಬ್ಬಳೇ ನಕ್ಕಳು. ಪಕ್ಕದಲ್ಲಿ ತೋರಿಸಲು ಯಾರೂ ಇರಲಿಲ್ಲ. ಆಮೇಲೆ ತಾನೂ ಒಂದು ಚೀಟಿಯಲ್ಲಿ 'ಡುಮ್ಮಣ್ಣ' ಎಂದು ಬರೆದು ರಾಶಿಗೆ ಸೇರಿಸಿದಳು.

ಮೇಲ್ವಿಚಾರಕಿಗೆ ಹಿಡಿಸಿದ್ದು ಅದೇ. ಚೀಟಿಯ ಹಿಂದೆ ವಿಳಾಸವಿಲ್ಲ, ಯಾವ ಮಗುವಿನದೋ ಎಂದು ಎಲ್ಲರನ್ನೂ ವಿಚಾರಿಸತೊಡಗಿದರು. ಎರಡು ದಿನ ಆಕೆ ಹೇಳದೆ ತಡೆದುಕೊಂಡಳು.

"ಅದು ನಾನೇ ಬರೆದದ್ದು, ಮೇಡಂ."

ಅವರು ಬೈಯಲಿಲ್ಲ. ಮಕ್ಕಳ ಸ್ಪರ್ಧೆ ಅಲ್ವಾ ಅಕ್ಕ ಎಂದು ಮೆಲ್ಲಗೆ ಹೇಳಿ, ಮೋಡದಲ್ಲಿ ಈಜುವ ಪ್ರಾಣಿಗೆ ಒಪ್ಪುತ್ತದೆಂದು 'ಮೋಡಪ್ಪ'ನನ್ನು ಆರಿಸಿದರು.

ಆ ಮಧ್ಯಾಹ್ನ ಆಕೆ ತಮ್ಮನ ಮನೆಗೆ ಫೋನ್ ಮಾಡಿದಳು. ಎತ್ತಿದ್ದು ಅವನ ಮಗಳು.

"ನಾನು ನಿನ್ನ ಅತ್ತೆ ಕಣಮ್ಮ."

"ಯಾವ ಅತ್ತೆ?"

"ನಿಮ್ಮಪ್ಪನ ಅಕ್ಕ."

ತಾನು ಮೋಡಪ್ಪ ಅನ್ನುವ ಡ್ರ್ಯಾಗನ್ ಹೊಲಿದಿರುವುದನ್ನೂ, ಭಾನುವಾರ ಅದು ಕುಣಿಯುವುದನ್ನೂ ಅವಸರದಲ್ಲಿ ಹೇಳಿ, ಅಪ್ಪನನ್ನು ಕರೆದುಕೊಂಡು ಬಾ ಅಂದಳು. ಕೇಳ್ತೀನಿ ಎಂದು ಹುಡುಗಿ ಫೋನಿಟ್ಟಳು.

ಭಾನುವಾರ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಟಿಕೆಟ್ ಕಿಟಕಿಯ ಪಕ್ಕ ನಿಂತಳು. ಒಳಗೆ ಮಕ್ಕಳು ಮೋಡಪ್ಪನ ಹೆಸರು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಬರುವ ಅಪ್ಪಂದಿರ ಮುಖವನ್ನೆಲ್ಲ ನೋಡಿದಳು. ಅವನು ಸಣ್ಣಗಾಗಿದ್ದರೆ ತನಗೆ ಗುರುತು ಸಿಗುತ್ತದೋ ಇಲ್ಲವೋ ಎಂಬ ದಿಗಿಲು ಬೇರೆ. ಐದು ಗಂಟೆಗೆ ಬಾಗಿಲು ಹಾಕಿದರು.

ಬುಧವಾರ ಫೋನ್ ಬಂತು.

"ಅತ್ತೆ, ಅಪ್ಪ ಬರಲ್ಲವಂತೆ." ಹುಡುಗಿ ಉಸಿರೆಳೆದುಕೊಂಡಳು. "ಮೋಡಪ್ಪ ಬೆಂಕಿ ಉಗುಳ್ತಾನಾ?"

"ಇಲ್ಲ ಪುಟ್ಟಿ. ಅವನು ಮಳೆ ತರ್ತಾನೆ."

ಹುಡುಗಿ ಓ ಅಂದಳು. ಮುಂದೇನು ಮಾತಾಡಬೇಕೆಂದು ಇಬ್ಬರಿಗೂ ತೋಚಲಿಲ್ಲ. ಆದರೂ ಇಬ್ಬರೂ ಫೋನ್ ಇಡಲಿಲ್ಲ.