ಸಂಜೆಯ ಟ್ರಿಪ್ಪು

ಬಾನೆಟ್ ಎತ್ತಿ, ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳಕ್ಕೆ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದ. ಇನ್ನೊಂದೇಟು. ಕತ್ತು ಚಾಚಿ ನೋಡಿದರೆ ಸ್ಟೀರಿಂಗಿನ ಹಿಂದೆ ಉರಿಯುತ್ತಿದ್ದ ಕೆಂಪು ದೀಪ ಆರಿತ್ತು. ಹೆಂಡತಿ ಇನ್ನೂ ಒಳಗೆ ಚಪ್ಪಲಿ ಹುಡುಕುತ್ತಿದ್ದಳು. ಅವಳು ಹೊಸ್ತಿಲು ದಾಟುವಷ್ಟರಲ್ಲಿ ಬಾನೆಟ್ ಮುಚ್ಚಿ, ಕೈ ಒರೆಸಿಕೊಂಡು, ಏನೂ ಅರಿಯದವನಂತೆ ವ್ಯಾನಿನ ಬಾಗಿಲು ಹಿಡಿದು ನಿಂತಿದ್ದ.

ವ್ಯಾನು ಆಸ್ಪತ್ರೆಯದು. ಕಿಡ್ನಿ ಕೈಕೊಟ್ಟವರನ್ನು ಮನೆಯಿಂದ ಕರೆದುಕೊಂಡು ಹೋಗಿ, ಮಿಷನ್ನಿನಲ್ಲಿ ರಕ್ತ ಸೋಸಿದ ಮೇಲೆ ಮತ್ತೆ ಮನೆ ಮುಟ್ಟಿಸುವುದಕ್ಕೆಂದೇ ಇಟ್ಟದ್ದು. ಅದನ್ನು ಓಡಿಸುತ್ತಲೇ ಅವನ ತಲೆ ಬೆಳ್ಳಗಾಗಿತ್ತು. ಯಾರ್ಯಾರ ಹೆಂಡಿರನ್ನೋ ಕರೆದೊಯ್ದವನಿಗೆ ಕಡೆಗೆ ತನ್ನ ಹೆಂಡತಿಯನ್ನೇ ಕೂರಿಸಿಕೊಂಡು ಹೋಗುವ ಕಾಲ ಬಂತು. ಹೋಗುವಾಗ ಅವಳು ಕಲ್ಲಿನಂತೆ ಕೂತಿರುತ್ತಿದ್ದಳು. ಮಾತಾಡಿಸಿದರೆ ಒಂದು ಹೂಂ, ಅದೂ ಅನುಮಾನ. ಬರುವಾಗ ಬೇರೆಯೇ ಹೆಂಗಸು. ಉಳಿದವರೆಲ್ಲ ಇಳಿದ ಮೇಲೆ ಮುಂದಿನ ಸೀಟಿಗೆ ಬಂದು, ನರ್ಸಮ್ಮನ ನಡಿಗೆ, ಪಕ್ಕದ ಹಾಸಿಗೆಯ ಟೈಲರನ ಗೊರಕೆ ಎಲ್ಲ ಮಾಡಿ ತೋರಿಸುತ್ತಿದ್ದಳು. ಮದುವೆಯಾದ ಹೊಸದರಲ್ಲೂ ಅವಳು ಇಷ್ಟು ಮಾತಾಡಿದ್ದನ್ನು ಅವನು ಕಂಡಿರಲಿಲ್ಲ. ಕಾಯಿಲೆ ಕೊಟ್ಟ ದೇವರು ಸಂಜೆಯ ಆ ದಾರಿಯನ್ನೂ ಕೊಟ್ಟನಲ್ಲ ಎಂದುಕೊಳ್ಳುತ್ತಿದ್ದ.

ಆಮೇಲೆ ಆಫೀಸಿನವರು, ಈ ವಯಸ್ಸಿಗೆ ಎರಡು ಹೊತ್ತಿನ ದುಡಿಮೆ ಬೇಡ ಎಂದು ಸಂಜೆಯ ಟ್ರಿಪ್ಪಿಗೆ ಒಬ್ಬ ಹೆಂಗಸನ್ನು ಇಟ್ಟರು. ಬಂದು ವರ್ಷವಾದರೂ ಅವನ ಬಾಯಲ್ಲಿ ಅವಳು ಹೊಸಬಳೇ. ಬಂದ ವಾರದಲ್ಲೇ ಅವಳು ಅವನ ಹೆಂಡತಿಯನ್ನು ಅಕ್ಕ ಅಂದಳು. ಹಾಗಾಗಿ ಇವನು ಕೇಳದೆಯೇ ಭಾವನಾದ. ಕೊನೆಗೆ ಇಳಿಯುವವಳು ಅವನ ಹೆಂಡತಿಯೇ ಆದ್ದರಿಂದ ವ್ಯಾನು ಅವನ ಮನೆಯ ಮುಂದೆಯೇ ನಿಲ್ಲುತ್ತಿತ್ತು. "ತಗೊಳ್ಳಿ ಭಾವ, ನಿಮ್ಮ ಗಾಡಿ, ನಿಮ್ಮ ಹೆಂಡ್ತಿ, ಎರಡೂ ಸರಿಯಾಗಿದೆಯಾ ನೋಡ್ಕೊಳ್ಳಿ" ಎಂದು ಕೀ ಕೊಟ್ಟು ಹೊಸಬಳು ನಡೆದು ಹೋಗುತ್ತಿದ್ದಳು.

ಸರಿಯಾಗಿ ಎಲ್ಲಿತ್ತು? ಬೆಳಗಿನ ಕಲ್ಲು ಅವನ ಪಾಲಿಗೆ, ಸಂಜೆಯ ನಗು ಹೊಸಬಳ ಪಾಲಿಗೆ. ನಗುವೆಲ್ಲ ದಾರಿಯಲ್ಲೇ ಖರ್ಚಾಗಿ, ಹೊಸ್ತಿಲು ದಾಟುವಾಗ ಹೆಂಡತಿಯಲ್ಲಿ ಆಕಳಿಕೆಯಷ್ಟೇ ಉಳಿದಿರುತ್ತಿತ್ತು. ಊಟಕ್ಕೆ ಕೂತರೆ "ಅವಳು ಇವತ್ತು ಏನಂದಳು ಗೊತ್ತಾ?" ಎಂದು ಶುರು ಮಾಡಿ, "ಬಿಡಿ, ಅವಳ ಬಾಯಲ್ಲೇ ಕೇಳ್ಬೇಕು ಅದನ್ನ" ಎಂದು ಅರ್ಧಕ್ಕೇ ಬಿಡುತ್ತಿದ್ದಳು. ಆ ಅರ್ಧ ಅವನ ಎದೆಯಲ್ಲಿ ಮುಳ್ಳು ಮುರಿದಂತೆ ಕೂರುತ್ತಿತ್ತು.

ದೀಪದ ಕಾಟ ಶುರುವಾದದ್ದು ಆಗಲೇ. ಬ್ರೇಕ್ ಆಯಿಲ್ ಕಮ್ಮಿಯಾದರೆ ಹತ್ತಬೇಕಾದ ದೀಪ, ಆಯಿಲ್ ತುಂಬಿದ್ದರೂ ಹತ್ತುತ್ತಿತ್ತು. ಮುಚ್ಚಳಕ್ಕೆ ತಟ್ಟಿದರೆ ಕೆಲವು ಗಂಟೆ ಸುಮ್ಮನಿದ್ದು, ಸಂಜೆಯ ಹೊತ್ತಿಗೆ ಮತ್ತೆ ಹಟ ಹಿಡಿಯುತ್ತಿತ್ತು. ಬ್ರೇಕಿಗೆ ಏನೂ ಆಗಿಲ್ಲವೆಂದು ದಿನವೂ ಪೆಡಲ್ ಒತ್ತಿ, ಚಕ್ರದ ಬುಡ ಬಗ್ಗಿ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದ. ತಟ್ಟುವ ವಿಷಯ ಮಾತ್ರ ಹೊಸಬಳಿಗೆ ಹೇಳಲಿಲ್ಲ. ಅವಳು ಆಫೀಸಿನಲ್ಲಿ ದೂರು ಕೊಟ್ಟಾಗ, "ನನ್ನ ಕೈಯಲ್ಲಿ ಒಂದು ದಿನಾನೂ ತೊಂದ್ರೆ ಕೊಟ್ಟಿಲ್ಲಪ್ಪ. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸದೆ ಓಡಿಸಿದ್ರೂ ಅದೇ ದೀಪ ಹತ್ತುತ್ತೆ" ಎಂದು ಗೋಡೆ ನೋಡಿಕೊಂಡು ಅಂದ. ಆಫೀಸಿನವರು, ಇನ್ನು ಸ್ವಲ್ಪ ದಿನ ನೋಡೋಣ, ಇಲ್ಲದಿದ್ದರೆ ಸಂಜೆಯದೂ ನಿಮಗೇ ಎಂದರು. ಅವನು ಕಾಯುತ್ತಿದ್ದ.

ಒಂದು ಸಂಜೆ ವ್ಯಾನು ತೀರಾ ತಡವಾಗಿ ಬಂತು.

"ದೀಪ ಹತ್ತಿತಾ?" ಬಡಿಸುತ್ತ ಕೇಳಿದ.

"ಹೂಂ ಕಣ್ರೀ, ಇವತ್ತೂ ಹತ್ತಿತು."

"ನಿಂಗೆ ಭಯ ಆಗಲ್ವಾ ಅವಳ ಜೊತೆ ಬರೋಕೆ?"

"ಭಯ ಯಾಕೆ? ಟೈಲರ್ ಇಳಿದ ಮೇಲೆ ಹತ್ತಿದ್ರೆ ಇನ್ನೂ ಚೆನ್ನ. ಪಾರ್ಕ್ ಪಕ್ಕ ನಿಲ್ಲಿಸಿ, ಆಯಿಲ್ ನೋಡಿ, ಸ್ವಲ್ಪ ಹೊತ್ತು ಕೂತಿರ್ತೀವಿ. ಅವಳು ಅವಳ ಗಂಡನ ಕಥೆ ಹೇಳ್ತಾಳೆ, ನಾನು ನಿಮ್ಮ ಕಥೆ ಹೇಳ್ತೀನಿ."

"ನಂದೇನು ಕಥೆ?"

"ಇಲ್ದೆ ಏನು! ಇವತ್ತಂತೂ ನಕ್ಕೂ ನಕ್ಕೂ ಪಕ್ಕೆ ಹಿಡ್ಕೊಂಡಿತು. ದಿನಾ ಹತ್ತಪ್ಪಾ ಅಂತ ನಾನೇ ಕೈ ಮುಗೀತೀನಿ ಆ ದೀಪಕ್ಕೆ."

ಹೊಸಬಳನ್ನು ಓಡಿಸಲು ಬಚ್ಚಿಟ್ಟ ಗುಟ್ಟು, ಅವರಿಬ್ಬರಿಗೂ ಕೂರಲು ಮಣೆ ಹಾಕಿ ಕೊಟ್ಟಂತಾಗಿತ್ತು. ಕೈಯಾರೆ ಹಾಕಿಕೊಟ್ಟವನು ತಾನೇ.

ಮರುದಿನವೇ ಆಫೀಸಿಗೆ ಹೇಳಿ, ಸ್ಪೇರ್ ಪಾರ್ಟಿನ ಅಂಗಡಿಗೆ ಹೋಗಿ ಆಯಿಲ್ ಮಟ್ಟ ನೋಡಿ ದೀಪ ಹತ್ತಿಸುವ ಹೊಸ ಸೆನ್ಸರನ್ನು ಮುಚ್ಚಳದ ಸಮೇತ ತಂದ. ಟ್ರಿಪ್ಪಿಲ್ಲದ ದಿನ ಬಾನೆಟ್ ಎತ್ತಿದರೆ, ಗೇಟಿನ ಬಳಿ ಹೊಸಬಳು.

"ನಾನೇ ಫೋನ್ ಮಾಡಿ ಕರೆಸಿದೆ. ಅವಳೂ ನೋಡ್ಕೊಳ್ಳಲಿ" ಎಂದಳು ಹೆಂಡತಿ. ಸೆರಗು ಸಿಕ್ಕಿಸಿ ಡ್ರೈವರ್ ಸೀಟು ಹತ್ತಿ, ಗಾಡಿಯೇ ತನ್ನದೆಂಬಂತೆ ಕೂತಳು. "ಏನು ಮಾಡ್ಬೇಕು ಹೇಳಿ."

"ಕೀ ತಿರುಗಿಸು. ಸ್ಟಾರ್ಟ್ ಮಾಡ್ಬೇಡ. ದೀಪ ಹತ್ತಿದ್ರೆ, ಆರಿದ್ರೆ ಕೂಗು. ಹ್ಯಾಂಡ್‌ಬ್ರೇಕ್ ಇಳಿದಿದೆಯಾ?"

"ಇನ್ನೂ ಇಳಿದ್ರೆ ಪಾತಾಳವೇ. ದೀಪ ಹತ್ತಿದೆ."

ಹೊಸಬಳು ಫಕ್ಕನೆ ನಕ್ಕಳು. ಅವನು ನಗಲಿಲ್ಲ. ಬಿಳಿ ಡಬ್ಬಿಯಲ್ಲಿ ಆಯಿಲ್ ಮೇಲಿನ ಗೆರೆಗೇ ಇತ್ತು. ಮುಚ್ಚಳದ ನೆತ್ತಿಯಲ್ಲಿದ್ದ ವೈರಿನ ಪ್ಲಗ್ ಕಿತ್ತ.

"ಆರಿತು!"

ಮತ್ತೆ ಸಿಕ್ಕಿಸಿದ.

"ಹತ್ತಿತು!"

"ಅಂದ್ರೆ ವೈರ್ ಸರಿಯಿದೆ, ಹ್ಯಾಂಡ್‌ಬ್ರೇಕೂ ಸರಿಯಿದೆ" ಎಂದಳು ಹೊಸಬಳು ಮೆಲ್ಲಗೆ. ಅವನು ಆ ಮಾತು ಕೇಳಿಸದವನಂತೆ, ಧೂಳು ಒಳಗೆ ಬೀಳದಿರಲೆಂದು ಮುಚ್ಚಳದ ಸುತ್ತ ಬಟ್ಟೆಯಿಂದ ಒರೆಸಿ, ತಿರುಪಿ ತೆಗೆದ. ಮುಚ್ಚಳಕ್ಕೆ ಜೋತುಬಿದ್ದ ಕಡ್ಡಿ, ಕಡ್ಡಿಯಲ್ಲಿ ಮೇಲೆ ಕೆಳಗೆ ಓಡಾಡುವ ಫ್ಲೋಟ್ ಎಂಬ ಬಿಲ್ಲೆ. ಬೆರಳಿನಿಂದ ಬಿಲ್ಲೆಯನ್ನು ಮೇಲಕ್ಕೆತ್ತಿದ.

"ಆರಿತು! ಇದೇನ್ರೀ, ಕಣ್ಣಾಮುಚ್ಚಾಲೆ ಆಡ್ತಿದ್ದೀರಾ?"

ಮತ್ತೆ ಆಯಿಲಿನೊಳಗೆ ಇಳಿಸಿದ. ತೇಲಬೇಕಾದ ಬಿಲ್ಲೆ ಹಾಲಲ್ಲಿ ಬಿದ್ದ ಬ್ರೆಡ್ಡಿನ ಚೂರಿನಂತೆ ಮೆಲ್ಲಗೆ ಮುಳುಗಿದ್ದು ಡಬ್ಬಿಯ ಗೋಡೆಯಾಚೆ ನೆರಳಾಗಿ ಕಂಡಿತು. ಒಳಗಿನಿಂದ ಕೂಗು ಬಂತು: "ಹತ್ತಿತು!"

"ಆಯಿಲ್ ಕುಡಿದು ಭಾರ ಆಗಿದೆ" ಎಂದ. ಪ್ಲಗ್ ಬಿಡಿಸಿ, ಹಳೆಯದನ್ನು ಬಟ್ಟೆಯೊಳಗೆ ಹಿಡಿದು ಹೊಸಬಳ ಕೈಗಿಟ್ಟ. "ಬಣ್ಣದ ಮೇಲೆ ಚೆಲ್ಲಬೇಡ. ಬಿದ್ರೆ ಬಣ್ಣ ತಿಂದು ಹಾಕುತ್ತೆ, ಕೂಡಲೇ ನೀರು ಹಾಕ್ಬೇಕು."

ಅವಳು ಮುಚ್ಚಳವನ್ನು ಬೆಳಕಿಗೆ ತಿರುಗಿಸಿದಳು. ನೆತ್ತಿಯ ಮೇಲೆಲ್ಲ ಉಗುರು ಊರಿದಂಥ ಗುರುತು. ಕೆಲವು ಮಾಸಿದ್ದವು, ಕೆಲವು ಹೊಸವು. ಅದನ್ನು ನೋಡಿ, ಅವನ ಜೇಬಿನಿಂದ ತಲೆ ಹಾಕಿದ್ದ ಸ್ಪ್ಯಾನರ್ ನೋಡಿದಳು. ಮೇಲೆತ್ತಿದ ಬಾನೆಟ್ ಅವರಿಬ್ಬರಿಗೂ ಹೆಂಡತಿಗೂ ನಡುವೆ ಗೋಡೆಯಾಗಿತ್ತು.

"ತಟ್ಟಿದ್ರೆ ಆರುತ್ತಿತ್ತಾ, ಭಾವ?"

ಅವನು ಹೊಸ ಸೆನ್ಸರಿನ ಪೊಟ್ಟಣ ಹರಿಯುತ್ತಿದ್ದ. ಹರಿಯುತ್ತಲೇ ಇದ್ದ.

"ಆಫೀಸಿನಲ್ಲಿ ನನ್ನನ್ನ ನಿಲ್ಲಿಸಿ ಕೇಳಿದ್ರಲ್ಲ…" ಎಂದವಳು ಅಲ್ಲಿಗೇ ನಿಲ್ಲಿಸಿದಳು.

"ಏನ್ರೀ ಅದು ಗುಸುಗುಸು?" ಸೀಟಿನಿಂದ ಹೆಂಡತಿ ಕೂಗಿದಳು. "ನನ್ನ ಬಿಟ್ಟು ಏನು ಮಾತಾಡ್ತಿದ್ದೀರಿ?"

ಅವನು ಕಾದ. ಹೊಸಬಳು ಹೇಳಿಬಿಡಲಿ, ರಂಪ ಮಾಡಲಿ, ನಾಲ್ಕು ಮನೆಗೆ ಕೇಳಿಸುವಂತೆ ಕೂಗಲಿ. ಹಾಗೆ ಮಾಡಿದರೆ ಇಷ್ಟು ದಿನ ಅವಳ ಮೇಲೆ ಉರಿದದ್ದಕ್ಕೆ ಒಂದು ಕಾರಣವಾದರೂ ಸಿಗುತ್ತಿತ್ತು.

"ಏನಿಲ್ಲ ಅಕ್ಕ" ಎಂದಳು ಹೊಸಬಳು. "ಹಳೇದು ಪೂರ್ತಿ ಹೋಗಿದೆ ಅಂತಿದ್ದೆ." ಮುಚ್ಚಳವನ್ನು ಬಟ್ಟೆಯಲ್ಲಿ ಸುತ್ತಿ ರಸ್ತೆಯಂಚಿನ ಕಸದ ತೊಟ್ಟಿಗೆ ಹಾಕಿ ಬಂದಳು.

ಅವನ ಪಾಲಿಗೆ ದೊಡ್ಡತನವೊಂದು ಉಳಿದಿತ್ತು, ಅದನ್ನೂ ಅವಳೇ ತೆಗೆದುಕೊಂಡಳು.

ಹೊಸದನ್ನು ಇಳಿಸಿದ. ಬಿಲ್ಲೆ ತೇಲಿತು. ಮುಚ್ಚಳ ತಿರುಪಿ ಬಿಗಿಮಾಡಿ, ಪ್ಲಗ್ ಟಕ್ಕೆಂದು ಕೂರಿಸಿದ.

ಬಾನೆಟ್ಟಿನ ಪಕ್ಕದಿಂದ ಕತ್ತು ಚಾಚಿದ.

"ಏನಾಯ್ತೇ?"

"ಆರಿದೆ" ಎಂದಳು ಹೆಂಡತಿ. ಈ ಸಲ ಕೂಗಲಿಲ್ಲ. "ಇನ್ನು ಹತ್ತೋದೇ ಇಲ್ವಾ?"

"ಇಲ್ಲ."

"ಹಾಗಾದ್ರೆ ನೆಟ್ಟಗೆ ಮನೆಗೇ ಅನ್ನಿ."

"ನೆಟ್ಟಗೆ ಮನೆಗೇ" ಎಂದ ಅವನು.

ಮುಂದಿನ ಟ್ರಿಪ್ಪಿನ ಸಂಜೆ, ಹೊತ್ತಿಗೆ ಮೊದಲೇ ಅನ್ನ ಮಾಡಿಟ್ಟು, ಹಾಸಿಗೆಯ ಹೊದಿಕೆ ಬದಲಿಸಿ, ಗೇಟಿನ ಬಳಿ ಬಂದು ನಿಂತ. ವ್ಯಾನು ಹೇಳಿದ ಹೊತ್ತಿಗೇ ತಿರುವಿನಲ್ಲಿ ಕಾಣಿಸಿತು. ನೆಟ್ಟಗೆ ಬಂತು. ಮನೆಯ ಮುಂದೆ ನಿಂತಿತು. ಹೆಡ್‌ಲೈಟ್ ಆರಿತು, ಎಂಜಿನ್ ಆರಿತು.

ಬಾಗಿಲು ತೆರೆಯಲಿಲ್ಲ. ಮುಂದಿನ ಸೀಟಿನಲ್ಲಿ ಹೆಂಡತಿ ಪೂರ್ತಿ ಆ ಕಡೆಗೆ ತಿರುಗಿ, ಪಟ್ಟಿ ಕಟ್ಟಿದ ಕೈಯನ್ನು ಎತ್ತಿ ಯಾರದೋ ಹಾವಭಾವ ಮಾಡಿ ತೋರಿಸುತ್ತಿದ್ದಳು. ಹೊಸಬಳು ಸ್ಟೀರಿಂಗಿನ ಮೇಲೆ ಹಣೆಯಿಟ್ಟು ನಗುತ್ತಿದ್ದಳು. ಹೆಂಡತಿ ಯಾರನ್ನು ಅಣಕಿಸುತ್ತಿದ್ದಾಳೆಂದು ಅವನಿಗೆ ತಿಳಿಯಲಿಲ್ಲ. ಗಾಜು ಮುಚ್ಚಿತ್ತು.

ಅವನು ಗೇಟಿನ ಚಿಲಕ ತೆಗೆದ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಸದ್ದಾಗದಂತೆ ಮತ್ತೆ ಹಾಕಿದ. ವ್ಯಾನಿನ ಗಾಜಿನ ಮೇಲೆ, ಒಳಗಿನಿಂದ, ಅವರ ಉಸಿರಿನ ಆವಿ ಹಬ್ಬುತ್ತಿತ್ತು.